ಕಾರಿನ ಕೆಳಗೊಂದು ಕೆಂಪು ಹನಿ

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ಬಂದವರಿಗೆ ಗೊತ್ತು, ಅಲ್ಲಿ ಕಾರು ಓಡಿಸುವುದಕ್ಕಿಂತ ನಿಲ್ಲಿಸುವುದೇ ದೊಡ್ಡ ಕೆಲಸ. ಎತ್ತಿನ ಬಂಡಿ, ಟ್ರ್ಯಾಕ್ಟರು, ಟಂಟಂ, ನಾಟಕ ಕಂಪನಿಯ ಲಾರಿ, ಇವೆಲ್ಲದರ ನಡುವೆ ಒಂದು ಗೇಣು ಜಾಗ ಸಿಕ್ಕರೆ ಪುಣ್ಯ. 2024ರ ಜನವರಿಯಲ್ಲಿ, ಬನದ ಹುಣ್ಣಿಮೆಯ ತೇರು ಮುಗಿದ ಮೇಲಿನ ಭಾನುವಾರ, ಅಂಥ ಒಂದು ಗೇಣು ಜಾಗಕ್ಕಾಗಿ ನಾನು ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ಹತ್ತಾರು ಸಲ ತಿರುಗಿಸಿದೆ. ಕೊನೆಯ ಎರಡು ತಿರುವಿನಲ್ಲಿ ಕಾರು ನರಳಿತು. ಎಮ್ಮೆ ಕರುವನ್ನು ಕರೆದಂಥ ಸದ್ದು. ಹಿಂದಿನ ಸೀಟಿನಲ್ಲಿದ್ದ ನಮ್ಮವ್ವ, 'ಗಾಡಿಗೂ ವಯಸ್ಸಾತು, ನನ್ಹಂಗ' ಎಂದಳು. ಎಲ್ಲರೂ ನಕ್ಕೆವು. ನಗಬಾರದಿತ್ತು.

ಆ ಕಾರಿಗೆ ಆಗ ಸರಿಯಾಗಿ 20 ವರ್ಷ. 2004ರ ಮಾಡೆಲ್ಲು. 15 ವರ್ಷ ತುಂಬಿದಾಗ ನೋಂದಣಿ ನವೀಕರಿಸಿ, ತಪಾಸಣೆ ಮಾಡಿಸಿ ಮತ್ತೆ ರಸ್ತೆಗೆ ಇಳಿಸಿದ್ದೆವು. ಕಂಪನಿಯ ಹೆಸರು ಬೇಡ. ತಪ್ಪು ಕಂಪನಿಯದಲ್ಲ, ವಯಸ್ಸಿನದು. ಇಳಕಲ್ಲಿನ ನಮ್ಮ ಮನೆಗೆ ಅದು ಶೋಕಿಯ ವಸ್ತುವೂ ಅಲ್ಲ. ತಿಂಗಳಿಗೊಮ್ಮೆ ಅವ್ವನನ್ನು ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ವಿದ್ಯಾಗಿರಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಮೊದಲ ವರ್ಷ ಓದುತ್ತಿದ್ದ ಮಗಳನ್ನು ಕರೆತರಬೇಕು, ಬಿಡಬೇಕು. ಬಸ್ಸಿನ ಮೆಟ್ಟಿಲು ಅವ್ವನ ಮೊಣಕಾಲಿಗೆ ಆಗದು.

ಜಾತ್ರೆ ಮುಗಿಸಿ ಗುಳೇದಗುಡ್ಡದ ಮೇಲೆ ಬಾಗಲಕೋಟೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಮಗಳನ್ನು ಹಾಸ್ಟೆಲಿಗೆ ಬಿಟ್ಟು, ನವನಗರದ ಬಂಧುಗಳ ಮನೆಯಲ್ಲಿ ರಾತ್ರಿ ಕಳೆದೆವು. ಬೆಳಿಗ್ಗೆ ಎದ್ದು ನೋಡಿದರೆ ಅವರ ಮನೆಯ ಮುಂದಿನ ಬಿಳಿ ಹಾಸುಗಲ್ಲಿನ ಮೇಲೆ ಅಂಗೈ ಅಗಲದ ಕೆಂಪು ಕಲೆ. ಬಾದಾಮಿಯ ಕೆಂಪು ಮಣ್ಣಿನಲ್ಲಿ ಎಷ್ಟು ಸುರಿದಿತ್ತೋ ಯಾರು ಬಲ್ಲರು? ಕೆಂಪು ನೆಲದ ಮೇಲೆ ಕೆಂಪು ಎಣ್ಣೆ ಕಾಣುವುದಿಲ್ಲ.

ಎರಡು ಸಲಹೆಗಳು

ಅಲ್ಲಿಯೇ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಕಾರಿನ ಕೆಳಗೆ ಹೊಕ್ಕು ಅರ್ಧ ನಿಮಿಷದಲ್ಲಿ ಹೊರಬಂದ. 'ಸ್ಟೇರಿಂಗ್ ರ‍್ಯಾಕ್ ಹೋಗೇತ್ರಿ. ಎಲ್ಲಾ ಎಣ್ಣಿ ಮಯ. ಪೂರಾ ಸೆಟ್ ಬದಲಿ ಮಾಡಬೇಕು' ಎಂದ. ಮಾಲೀಕರು ಚೀಟಿಯ ಮೇಲೆ ಬರೆದುಕೊಟ್ಟ ಅಂದಾಜು 26,000 ರೂಪಾಯಿ. ಮಗಳ ಹಾಸ್ಟೆಲಿನ ಎರಡನೆಯ ಕಂತು 18,000 ಕಟ್ಟುವುದು ಬಾಕಿ ಇತ್ತು. ಎರಡನ್ನೂ ಒಂದೇ ತಿಂಗಳಲ್ಲಿ ಹೊಂದಿಸುವ ಸಂಬಳ ನನ್ನದಲ್ಲ. 'ವಿಚಾರ ಮಾಡಿ ಹೇಳತೀನಿ' ಎಂದು ಚೀಟಿ ಜೇಬಿಗಿಟ್ಟು, ಎಣ್ಣೆಯ ಡಬ್ಬಿ ತುಂಬಿಸಿಕೊಂಡು ಹೊರಟೆ.

ಅಮೀನಗಡ ದಾಟುವವರೆಗೂ ತೊಂದರೆಯಿಲ್ಲ. ಹುನಗುಂದ ಬರುವಷ್ಟರಲ್ಲಿ ಸ್ಟೇರಿಂಗ್ ಮತ್ತೆ ಗಡಸಾಯಿತು, ಸದ್ದು ಶುರುವಾಯಿತು. ರಸ್ತೆಯ ಪಕ್ಕದ ಒಂದು ಅಂಗಡಿಯ ಮುಂದೆ ನಿಲ್ಲಿಸಿದೆ. ಅಲ್ಲಿದ್ದವರು ಪಾಪ, ಸಹಾಯ ಮಾಡುವ ಮನಸ್ಸಿನವರೇ. 'ಸ್ಟೇರಿಂಗ್ ಎಣ್ಣಿ ಇಲ್ರಿ, ಬ್ರೇಕ್ ಆಯಿಲ್ ಐತಿ. ಎರಡೂ ಎಣ್ಣೀನ ಅಲ್ಲೇನು, ಹಾಕಿ ನಡೀರಿ' ಎಂದು ಬಾಟಲಿಯ ಮುಚ್ಚಳ ತಿರುವಿಯೇಬಿಟ್ಟಿದ್ದರು. ಯಾಕೋ ಅನುಮಾನ ಬಂದು ಮಗಳಿಗೆ ಫೋನು ಮಾಡಿದೆ. ತರಗತಿಯ ಬಿಡುವಿನಲ್ಲಿದ್ದಳು. 'ಬ್ಯಾಡಪ್ಪಾ, ಒಂದು ಹನಿನೂ ಹಾಕಸಬ್ಯಾಡ' ಎಂದವಳೇ ಮರುಪ್ರಶ್ನೆ ಕೇಳಿದಳು: 'ಎಣ್ಣಿ ಇಂಜಿನ್ ಬಂದ್ ಇದ್ದಾಗ ಸೋರತೈತೋ, ಚಾಲೂ ಇದ್ದಾಗ ಸೋರತೈತೋ?'

ಈ ಪ್ರಶ್ನೆ ಗ್ಯಾರೇಜಿನ ಹುಡುಗ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಆಯಿಲ್. ಸಾಮಾನ್ಯ ಕಾರುಗಳಲ್ಲಿ ಬಳಸುವ ಬ್ರೇಕ್ ದ್ರವ ಗ್ಲೈಕಾಲ್ ಜಾತಿಯ ರಾಸಾಯನಿಕ, ಖನಿಜ ತೈಲವಲ್ಲ. ಪವರ್ ಸ್ಟೇರಿಂಗಿನಲ್ಲಿರುವ ರಬ್ಬರ್ ಸೀಲುಗಳು ಖನಿಜ ತೈಲವನ್ನು ತಡೆಯುವ ನೈಟ್ರೈಲ್ ಜಾತಿಯವು. ಗ್ಲೈಕಾಲ್ ತಾಗಿದರೆ ಅವು ಉಬ್ಬಿ, ಮೆತ್ತಗಾಗಿ ಹಾಳಾಗುತ್ತವೆ. ಬ್ರೇಕಿನ ರಬ್ಬರ್ ಇದಕ್ಕೆ ತದ್ವಿರುದ್ಧ: ಅದಕ್ಕೆ ಖನಿಜ ತೈಲವೇ ವಿಷ. ಅಂದು ಆ ಬಾಟಲಿ ಸುರಿದಿದ್ದರೆ ಚೀಟಿಯಲ್ಲಿ ಬರೆದ 26,000 ನಿಜವಾಗುತ್ತಿತ್ತು. ಯಾವ ಎಣ್ಣೆ ಬೇಕೆಂಬುದು ಡಬ್ಬಿಯ ಮುಚ್ಚಳದ ಮೇಲೆ, ಇಲ್ಲವೇ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಆಟೋಮ್ಯಾಟಿಕ್ ಗೇರಿಗೆ ಹಾಕುವ ಕೆಂಪು ಎಣ್ಣೆಯನ್ನೇ ಬಳಸುತ್ತಾರೆ. ಕೆಲವಕ್ಕೆ ಬೇರೆಯದೇ ಬೇಕು. ಬಣ್ಣ ನೋಡಿ ನಿರ್ಧರಿಸಬಾರದು.

ಹುನಗುಂದದಿಂದ ಇಳಕಲ್ಲಿಗೆ ದೂರವೇನಿಲ್ಲ, ಹೆದ್ದಾರಿ ನೇರ. ನಿಧಾನವಾಗಿ ಬಂದೆ. ಪವರ್ ಹೋದರೂ ಸ್ಟೇರಿಂಗ್ ಕೈಬಿಡುವುದಿಲ್ಲ; ಚಕ್ರಕ್ಕೂ ಕೈಗೂ ನಡುವೆ ಉಕ್ಕಿನ ಸಂಬಂಧ ಇದ್ದೇ ಇರುತ್ತದೆ, ಭಾರವಾಗುತ್ತದೆ ಅಷ್ಟೆ. ವೇಗದಲ್ಲಿ ಆ ಭಾರ ಅಷ್ಟಾಗಿ ತಿಳಿಯದು. ನಿಂತಲ್ಲಿ, ತಿರುವಿನಲ್ಲಿ ತಿಳಿಯುತ್ತದೆ. ಹಾಗೆಂದು ಎಣ್ಣೆಯಿಲ್ಲದೆ ದೂರ ಓಡಿಸುವಂತಿಲ್ಲ. ಪಂಪಿಗೆ ಆ ಎಣ್ಣೆಯೇ ಜಾರುಕ. ಒಣಗಿದರೆ ಪಂಪು ತನ್ನನ್ನೇ ತಾನು ಸವೆದುಕೊಳ್ಳುತ್ತದೆ. ಸೋರಿದ ಎಣ್ಣೆ ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಹೊಗೆ, ಕೆಟ್ಟ ಹೊತ್ತಿನಲ್ಲಿ ಬೆಂಕಿ.

ಪಾಸ್ಕಲ್ ಕಾರಿನೊಳಗೆ ಬಂದ ಬಗೆ

ಪಿಯುಸಿ ಭೌತಶಾಸ್ತ್ರದಲ್ಲಿ ಪಾಸ್ಕಲನ ನಿಯಮ ಓದದವರಿಲ್ಲ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. 17ನೆಯ ಶತಮಾನದ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ ಈ ಮಾತನ್ನು ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು, ಮರೆತುಬಿಡುತ್ತೇವೆ. ಪವರ್ ಸ್ಟೇರಿಂಗ್ ಎಂದರೆ ಇದೇ ನಿಯಮ, ರಬ್ಬರ್ ಕೊಳವೆಯೊಳಗೆ.

ಇಂಜಿನ್ನಿನ ಬೆಲ್ಟು ಒಂದು ಪುಟ್ಟ ಪಂಪನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಿಂದ ಎಣ್ಣೆ ಎಳೆದು, ಗಟ್ಟಿ ಕೊಳವೆಯ ಮೂಲಕ ಸ್ಟೇರಿಂಗಿನ ಬುಡಕ್ಕೆ ತಳ್ಳುತ್ತದೆ. ಅಲ್ಲೊಂದು ಕವಾಟ. ನೀವು ಚಕ್ರ ತಿರುಗಿಸಿದಾಗ ಒಳಗಿನ ಸಣ್ಣ ಉಕ್ಕಿನ ಸರಳು ಒಂದಿಷ್ಟೇ ಇಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯಷ್ಟಕ್ಕೇ ಕವಾಟ ತೆರೆದು ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಬಿಡುತ್ತದೆ. ರ‍್ಯಾಕ್ ಎಂದು ಕರೆಯುವ ಹಲ್ಲಿನ ಪಟ್ಟಿಗೆ ಒಂದು ಪಿಸ್ಟನ್ ಅಂಟಿಕೊಂಡಿರುತ್ತದೆ. ಎಣ್ಣೆ ಅದನ್ನು ನೂಕುತ್ತದೆ. ಕೆಲಸ ಮುಗಿಸಿದ ಎಣ್ಣೆ ಮೆತ್ತನೆಯ ಇನ್ನೊಂದು ಕೊಳವೆಯಲ್ಲಿ ಡಬ್ಬಿಗೆ ಮರಳುತ್ತದೆ.

ಲೆಕ್ಕ ಬೇಕೇ? ಒಂದು ಚದರ ಸೆಂಟಿಮೀಟರಿನ ಮೇಲೆ 60 ಕಿಲೋ ಭಾರದಷ್ಟು ಒತ್ತಡವಿದೆ ಎನ್ನೋಣ. ಪಿಸ್ಟನ್ನಿನ ಮುಖ 8 ಚದರ ಸೆಂಟಿಮೀಟರ್. ಗುಣಿಸಿದರೆ 480 ಕಿಲೋ. ನಿಮ್ಮ ಕೈಗೆ ಒಂದೆರಡು ಕಿಲೋದ ಶ್ರಮ; ಉಳಿದದ್ದು ಎಣ್ಣೆಯ ಪಾಲು. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಈ ಒತ್ತಡ ಇನ್ನೂ ಏರುತ್ತದೆ. ಅದಕ್ಕೇ ಹಾಗೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎನ್ನುವುದು. ಜಾತ್ರೆಯ ಮೈದಾನದಲ್ಲಿ ನಾನು ಮಾಡಿದ್ದು ಅದನ್ನೇ.

ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲಿಯೇ ಇಂಥ ಸ್ಟೇರಿಂಗನ್ನು ಓಡಿಸಿ ತೋರಿಸಿದ್ದ. ಆದರೆ ಖರ್ಚು ಹೆಚ್ಚೆಂದು ಕಾರು ಕಂಪನಿಗಳು ಹಿಂಜರಿದವು. 1951ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಕಾರಿಗೆ ಹಾಕಿದ ಮೇಲೆ ಅದು ಮಾರುಕಟ್ಟೆಗೆ ಬಂದಂತಾಯಿತು. ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರು ತೋಳಿನ ಬಲದಿಂದಲೇ ಓಡಿಸಿದರು. 1990ರ ದಶಕದ ನಂತರವೇ ಮಧ್ಯಮ ವರ್ಗದ ಮನೆಗೆ ಈ ಸುಖ ಬಂದದ್ದು. ಈಗ ಹೊಸ ಸಣ್ಣ ಕಾರುಗಳಲ್ಲಿ ಎಣ್ಣೆಯೇ ಇಲ್ಲ, ವಿದ್ಯುತ್ ಮೋಟರು ಆ ಕೆಲಸ ಮಾಡುತ್ತದೆ. ಎಣ್ಣೆಯ ಸ್ಟೇರಿಂಗು ಹಳೆಯ ಕಾರು, ಲಾರಿ, ಬಸ್ಸುಗಳಲ್ಲಿ ಉಳಿದಿದೆ. ಮುಧೋಳ, ಜಮಖಂಡಿ ಕಡೆ ಕಬ್ಬು ಹೇರಿಕೊಂಡು ಓಡಾಡುವ ಟ್ರ್ಯಾಕ್ಟರುಗಳಲ್ಲಿಯೂ ಇದೆ.

ಕ್ವಾರಿಯ ಮೇಸ್ತ್ರಿ

ಇಳಕಲ್ ಎಂದರೆ ಹೊರಗಿನವರಿಗೆ ಸೀರೆ. ನಮಗೆ ಸೀರೆಯ ಜೊತೆ ಕೆಂಪು ಗ್ರಾನೈಟೂ ಹೌದು. ಕ್ವಾರಿ ಇದ್ದಲ್ಲಿ ಕ್ರೇನು, ಬಂಡೆ ಎತ್ತುವ ಯಂತ್ರ. ಯಂತ್ರವಿದ್ದಲ್ಲಿ ಎಣ್ಣೆಯ ಕೊಳವೆ. ಕಲ್ಲಿನ ಚೂಪು ತಾಗಿ, ಬಿಸಿಲಿಗೆ ಒಣಗಿ ಈ ಕೊಳವೆಗಳು ಒಡೆಯುತ್ತಲೇ ಇರುತ್ತವೆ. ಹಾಗಾಗಿ ನಮ್ಮೂರಲ್ಲಿ ಕಾರಿನ ದೊಡ್ಡ ಗ್ಯಾರೇಜು ಇರಲಿಲ್ಲದಿದ್ದರೂ ಎಣ್ಣೆಯ ಕೊಳವೆಯನ್ನು ಬೆರಳಲ್ಲಿ ಮುಟ್ಟಿ ವಯಸ್ಸು ಹೇಳುವವರಿದ್ದಾರೆ. ಅಂಥ ಒಬ್ಬರ ಬಳಿ ಹೋದೆ. ಅರವತ್ತು ದಾಟಿದವರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಮಗಳ ಪ್ರಶ್ನೆ ಹೇಳಿದೆ. ತಲೆಯೆತ್ತಿ ನೋಡಿ, 'ಯಾರು ಕೇಳಿದ್ದು? ಶಾಣ್ಯಾ ಅದಾಳ' ಎಂದರು.

ಅವರು ಮಾಡಿದ್ದನ್ನು ವಿವರವಾಗಿ ಹೇಳಬೇಕು. ಯಾಕೆಂದರೆ ಉಳಿದ 25,000 ರೂಪಾಯಿ ಅಡಗಿದ್ದು ಅಲ್ಲಿಯೇ.

ಮೊದಲು ಏನನ್ನೂ ಬಿಚ್ಚಲಿಲ್ಲ. ತೊಳೆದರು. ಸೀಮೆಎಣ್ಣೆ, ಬ್ರಷ್ಷು, ಸೋಪಿನ ನೀರು. ಇಂಜಿನ್ ತಣ್ಣಗಿದ್ದಾಗ, ಕೆಳಭಾಗವನ್ನೆಲ್ಲ ತೊಳೆದು ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರು. 'ಎಣ್ಣಿ ಮ್ಯಾಲಿಂದ ಕೆಳಗ ಬರತೈತಿ, ಗಾಳಿಗೆ ಹಿಂದಕ ಹೋಗತೈತಿ. ಎಲ್ಲಿ ಒದ್ದಿ ಐತಿ ಅಲ್ಲೇ ತೂತು ಐತಿ ಅಂದ್ರ ಹ್ಯಾಂಗ?' ಬಾಗಲಕೋಟೆಯ ಹುಡುಗ ನೋಡಿದ್ದು ಒದ್ದೆಯನ್ನು. ಇವರು ಹುಡುಕಿದ್ದು ಒದ್ದೆಯ ಅತಿ ಎತ್ತರದ ತುದಿಯನ್ನು.

ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರು ತರಿಸಿದರು. ಕೊಳವೆಗಳ ಕೀಲಿಗೆ, ಪಂಪಿನ ಮೈಗೆ, ರ‍್ಯಾಕಿನ ಮೇಲೆ ತೆಳ್ಳಗೆ ಉದುರಿಸಿದರು. ಕಾರಿನ ಕೆಳಗೆ ಹಳೆಯ ಪೇಪರು ಹಾಸಿ, ಚಕ್ರ ಎಲ್ಲೆಲ್ಲಿದೆಯೆಂದು ಪೆನ್ನಿನಿಂದ ಗುರುತು ಮಾಡಿದರು. ಡಬ್ಬಿಗೆ ಸರಿಯಾದ ಎಣ್ಣೆಯನ್ನು ಗೆರೆಯವರೆಗೆ ತುಂಬಿ, ಇಂಜಿನ್ ಹಚ್ಚದೆ ಒಂದು ತಾಸು ಬಿಟ್ಟರು. ಚಹಾ ಕುಡಿದು ಬಂದೆವು. ಪೇಪರಿನ ಮೇಲೆ ಎಡಗಡೆಗೆ ನಾಲ್ಕು ಕೆಂಪು ಹನಿ.

ಇಲ್ಲಿಯೇ ಮಗಳ ಪ್ರಶ್ನೆಗೆ ಉತ್ತರವಿತ್ತು. ಇಂಜಿನ್ ನಿಂತಾಗ ಪಂಪು ನಿಂತಿರುತ್ತದೆ, ಒತ್ತಡವಿಲ್ಲ. ಒತ್ತಡದ ಕೊಳವೆಯೋ ರ‍್ಯಾಕಿನೊಳಗಿನ ಸೀಲೋ ಹೋಗಿದ್ದರೆ ಸಾಮಾನ್ಯವಾಗಿ ಇಂಜಿನ್ ಓಡುವಾಗ, ಅದರಲ್ಲೂ ಸ್ಟೇರಿಂಗ್ ತಿರುಗಿಸುವಾಗ ಹೆಚ್ಚು ಸೋರಬೇಕು. ನಿಂತಾಗಲೂ ತೊಟ್ಟಿಕ್ಕುತ್ತಿದೆ ಎಂದರೆ ಡಬ್ಬಿಯ ಮಟ್ಟಕ್ಕಿಂತ ಕೆಳಗೆ, ಎಣ್ಣೆಯ ಸ್ವಂತ ಭಾರಕ್ಕೇ ದಾರಿಯಾಗುವ ಜಾಗ. ಹೆಚ್ಚಾಗಿ ಮರಳುವ ಕೊಳವೆ.

ಆದರೂ ಮೇಸ್ತ್ರಿ ಅಷ್ಟಕ್ಕೇ ತೀರ್ಮಾನ ಕೊಡಲಿಲ್ಲ. ರ‍್ಯಾಕಿನ ಎರಡು ತುದಿಗೂ ಹಾರ್ಮೋನಿಯಮ್ಮಿನ ತಿದಿಯಂಥ ರಬ್ಬರ್ ಚೀಲ ಇರುತ್ತದೆ. ಅದರ ಕ್ಲಿಪ್ಪು ಸಡಿಲಿಸಿ ಒಳಗೆ ಬೆರಳು ಹಾಕಿ ನೋಡಿದರು. ಒಣ. ರ‍್ಯಾಕಿನ ಸೀಲು ಹೋಗಿದ್ದರೆ ಆ ಚೀಲದೊಳಗೆ ಎಣ್ಣೆ ನಿಂತಿರಬೇಕು. ಹೊರಗೆ ಒದ್ದೆ, ಒಳಗೆ ಒಣ ಎಂದರೆ ಎಣ್ಣೆ ಬೇರೆಲ್ಲಿಂದಲೋ ಬಂದು ಬಿದ್ದದ್ದು. ಈ ಒಂದು ಬೆರಳಿನ ಪರೀಕ್ಷೆಗೆ ಐದು ನಿಮಿಷ ಸಾಕು. ನಿಮ್ಮ ಗ್ಯಾರೇಜಿನವರು ರ‍್ಯಾಕ್ ಬದಲಿಸಬೇಕೆಂದರೆ, ಚೀಲದೊಳಗೆ ನೋಡಿದಿರಾ ಎಂದು ಕೇಳುವ ಹಕ್ಕು ದುಡ್ಡು ಕೊಡುವ ನಿಮಗಿದೆ. ಕೇಳಿದರೆ ಕೆಲವರು ಸಿಡುಕುತ್ತಾರೆ, ಸಿಡುಕಲಿ.

ಆಮೇಲೆ ಇಂಜಿನ್ ಹಚ್ಚಿಸಿ, ನನ್ನಿಂದ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸಿದರು. ಬ್ಯಾಟರಿ ಹಿಡಿದು ನೋಡಿದರು, ಕೈ ಹಾಕಲಿಲ್ಲ. ಕೊಳವೆಯ ಹಿಂಬದಿ ನೋಡಬೇಕಾದಾಗ ರಟ್ಟಿನ ತುಂಡು ಹಿಡಿದರು. ಒತ್ತಡದ ಕೊಳವೆಯಲ್ಲಿ ಸೂಜಿಮೊನೆಯ ತೂತಿದ್ದರೆ ಅದರಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ. ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಓದಿ ಮನೆಯಲ್ಲಿ ಪ್ರಯೋಗ ಮಾಡಹೊರಡುವ ಹುಡುಗರು ಈ ಸಾಲನ್ನು ಎರಡು ಸಲ ಓದಿ. ಬರಿಯ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ. ಗಟ್ಟಿ ಸ್ಟ್ಯಾಂಡು ಬೇಕು. ತಿರುಗುವ ಬೆಲ್ಟಿನ ಹತ್ತಿರ ತೋಳಿನ ಅಂಗಿ, ದುಪಟ್ಟಾ ಬೇಡ.

ಪೌಡರಿನ ಮೇಲೆ ಕೆಂಪು ಗೆರೆ ಕಾಣಿಸಿತು. ಡಬ್ಬಿಯಿಂದ ಒಂದು ಗೇಣು ಕೆಳಗೆ, ಮರಳುವ ಕೊಳವೆ ಕಬ್ಬಿಣದ ನಳಿಗೆಗೆ ಸೇರುವಲ್ಲಿ, ಕ್ಲಾಂಪಿನ ಅಡಿಯಲ್ಲಿಯೇ ರಬ್ಬರು ಸೀಳಿತ್ತು. ಮೇಲಿನಿಂದ ಕ್ಲಾಂಪು ಅದನ್ನು ಮುಚ್ಚಿತ್ತು. 'ಹರಿಯೂದು ಜೋಡಿದಲ್ಲೇ' ಎಂದರು ಮೇಸ್ತ್ರಿ. ನಮ್ಮವ್ವ ಸಂಜೆ ಇದನ್ನು ಕೇಳಿ ತಲೆದೂಗಿದಳು. ಅವಳು ಮದುವೆಗೆ ಮುಂಚೆ ಮಗ್ಗದ ಮನೆಯಲ್ಲಿ ಬೆಳೆದವಳು. ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಅಲ್ಲಿ ಕೈ ಸರಿಯಿಲ್ಲದಿದ್ದರೆ ಸೀರೆ ಅಲ್ಲೇ ಬಿಡುತ್ತದೆಯಂತೆ.

ರಬ್ಬರು ಯಾಕೆ ಸೀಳಿತು? ಬಿಸಿ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿ ಎಂಬುದು ಒಂದು ಸ್ಥೂಲ ಲೆಕ್ಕ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ಮುಟ್ಟುತ್ತದೆ. ಬೋನೆಟ್ಟಿನ ಕೆಳಗಿನ ಕಥೆ ಬೇರೆ. 20 ಬೇಸಿಗೆ ತಿಂದ ರಬ್ಬರು ಗಡಸಾಗಿ, ಸಣ್ಣ ಬಿರುಕು ಬಿಟ್ಟು, ಜಾತ್ರೆಯ ದಿನದ ಗುದ್ದಾಟಕ್ಕೆ ಬಾಯಿ ತೆರೆದಿತ್ತು.

ಬಿಲ್ಲು

ಹೊಸ ಕೊಳವೆ ಒಂದೂವರೆ ಅಡಿ. ಎಣ್ಣೆ ತಡೆಯುವ ಒಳಪದರ ಇರುವುದನ್ನೇ ಕ್ವಾರಿ ಯಂತ್ರದ ಸಾಮಾನಿನ ಅಂಗಡಿಯಿಂದ ತರಿಸಿದರು. ರೇಡಿಯೇಟರಿನ ನೀರಿನ ಕೊಳವೆ ಅಳತೆಗೆ ಕೂತರೂ ಎಣ್ಣೆಗೆ ಉಳಿಯದು. ಎರಡು ಹೊಸ ಕ್ಲಾಂಪು. ನಳಿಗೆಯ ತುದಿಯ ತುಕ್ಕನ್ನು ಉಜ್ಜಿ ತೆಗೆದು, ಕೊಳವೆ ಕೂರಿಸಿ ಬಿಗಿದರು. ಸೋರಿಕೆ ನಿಲ್ಲಿಸುವ ಔಷಧಿ ಬಾಟಲಿ ಸಿಗುತ್ತದಲ್ಲ ಎಂದೆ. ಅದು ಒಣಗಿದ ಸೀಲನ್ನು ಸ್ವಲ್ಪ ಉಬ್ಬಿಸುತ್ತದೆ, ಕೆಲವು ದಿನ ನಿಲ್ಲುತ್ತದೆ. ಸೀಳಿದ ಕೊಳವೆಗೆ ಅದು ಏನೂ ಮಾಡದು ಎಂದರು.

ಕೊನೆಗೆ ಗಾಳಿ ತೆಗೆಯುವ ಕೆಲಸ. ಎಷ್ಟೋ ಜನ ಇದನ್ನು ಬಿಟ್ಟು, ಸದ್ದು ಹೋಗಲಿಲ್ಲ ಎಂದು ಪಂಪನ್ನು ಬೈಯುತ್ತಾರೆ. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಹಚ್ಚದೆಯೇ ಸ್ಟೇರಿಂಗನ್ನು ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ 20 ಸಲ ತಿರುಗಿಸಿದೆ. ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದವು, ಮಟ್ಟ ಇಳಿಯುತ್ತಿತ್ತು, ಮೇಸ್ತ್ರಿ ತುಂಬಿಸುತ್ತಿದ್ದರು. ಗುಳ್ಳೆ ನಿಂತ ಮೇಲೆ ಇಂಜಿನ್ ಹಚ್ಚಿ ಮತ್ತೆ ನಾಲ್ಕಾರು ಸಲ. ನರಳುವ ಸದ್ದು ಇಲ್ಲ. ಎಣ್ಣೆಯಲ್ಲಿ ಗಾಳಿ ಸೇರಿದರೆ ನೊರೆಯಾಗುತ್ತದೆ. ಗಾಳಿಯನ್ನು ಹಿಸುಕಬಹುದು, ಎಣ್ಣೆಯನ್ನು ಹಾಗೆ ಹಿಸುಕಲಾಗದು. ನೊರೆಯ ಮೇಲೆ ಪಾಸ್ಕಲನ ಆಟ ನಡೆಯದು.

ಕೊಳವೆ, ಕ್ಲಾಂಪು, ಒಂದು ಲೀಟರ್ ಎಣ್ಣೆ, ಕೂಲಿ ಎಲ್ಲ ಸೇರಿ 1,150 ರೂಪಾಯಿ. ನಾನು 1,500 ಕೊಟ್ಟೆ. ಉಳಿದದ್ದನ್ನು ಮರಳಿ ಕೈಗಿಟ್ಟು, ಒತ್ತಡದ ಕೊಳವೆಯ ಮೇಲೂ ಬಿರುಕು ಶುರುವಾಗಿದೆ, ಒಂದು ವರ್ಷದೊಳಗೆ ಬದಲಿಸಿ, ಅದಕ್ಕೆ ಎತ್ತಿಡಿ ಎಂದರು. ಬೋನೆಟ್ಟಿನ ಒಳಮೈಗೆ ಬಿಳಿ ಬಣ್ಣದಲ್ಲಿ ತಾರೀಖು ಬರೆದುಕೊಟ್ಟರು. ಹಾಸ್ಟೆಲಿನ ಕಂತು ಆ ವಾರವೇ ಕಟ್ಟಿದೆ.

ಬಾಗಲಕೋಟೆಯ ಹುಡುಗ ಸುಳ್ಳು ಹೇಳಿದನೆಂದು ನಾನು ಭಾವಿಸುವುದಿಲ್ಲ. ಅವನಿಗೆ ದಿನಕ್ಕೆ ಹತ್ತು ಕಾರು ಮುಗಿಸುವ ಗಡಿಬಿಡಿ. ತೊಳೆದು, ಒಣಗಿಸಿ, ಒಂದು ತಾಸು ಕಾಯಲು ಯಾರು ಪುರುಸೊತ್ತು ಕೊಡುತ್ತಾರೆ? ಎಸ್ಸೆಸ್ಸೆಲ್ಸಿ ನಂತರ ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯಲು ಎರಡು ವರ್ಷ ಬೇಕು. ನಮ್ಮ ಮನೆಗಳಲ್ಲಿ ಅದನ್ನು ಅಂಕ ಬಾರದವರ ಓದು ಎಂದು ಮೂಗು ಮುರಿಯುತ್ತಾರೆ. ನಾನೇ ನನ್ನ ವಿದ್ಯಾರ್ಥಿಗಳಿಗೆ ಹಾಗೆ ಹೇಳಿದ್ದಿದೆ, ಈಗ ಹೇಳುತ್ತಿಲ್ಲ.

ಮಗಳು ರಜೆಗೆ ಬಂದಾಗ ಅವಳನ್ನು ಮೇಸ್ತ್ರಿಯ ಬಳಿ ಕರೆದೊಯ್ದೆ. ಬ್ರೇಕ್ ಆಯಿಲ್ ಬೇಡವೆಂದು ಹೇಗೆ ಗೊತ್ತಾಯಿತು ಎಂದು ಅವರು ಕೇಳಿದರು. ಗೊತ್ತಿರಲಿಲ್ಲವಂತೆ. ಡಬ್ಬಿಯ ಮುಚ್ಚಳದ ಮೇಲೆ ಬೇರೆ ಹೆಸರು ಬರೆದದ್ದನ್ನು ಜಾತ್ರೆಯ ದಿನ ನೋಡಿದ್ದಳಂತೆ, ಅಷ್ಟೆ. ಅವರಿಬ್ಬರೂ ಒಂದು ಹನಿಯ ಲೆಕ್ಕ ಹಾಕಿದರು. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 1,440 ಹನಿ, ಅಂದರೆ 72 ಮಿಲಿಲೀಟರ್. ಇಡೀ ವ್ಯವಸ್ಥೆಯಲ್ಲಿ ಇರುವುದೇ ಹೆಚ್ಚುಕಡಿಮೆ ಒಂದು ಲೀಟರ್. ಡಬ್ಬಿ ಬರಿದಾಗಲು ವಾರವೂ ಬೇಡ.

2025ರ ಜನವರಿಯಲ್ಲಿ ಮತ್ತೆ ಬನಶಂಕರಿಗೆ ಹೋದೆವು. ಒತ್ತಡದ ಕೊಳವೆಯನ್ನೂ ಅಷ್ಟರಲ್ಲಿ ಬದಲಿಸಿದ್ದೆ. ಕಾರನ್ನು ಕೆಂಪು ಮಣ್ಣಿನ ಮೈದಾನದಲ್ಲಿ ನಿಲ್ಲಿಸಿ ಇಳಿಯುತ್ತಲೇ ಮಗಳು ಇಂಜಿನ್ನಿನ ಕೆಳಗೆ ಪೇಪರು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಳು. ನಾಟಕ ಮುಗಿಸಿ ಬೆಳಗಿನ ಜಾವ ಬಂದು ನೋಡಿದರೆ ಕಲ್ಲು ನಾಲ್ಕೂ ಇದ್ದವು, ಪೇಪರು ಇರಲಿಲ್ಲ. ಯಾರೋ ನಾಟಕದ ಡೇರೆಯಲ್ಲಿ ಹಾಸಿಕೊಂಡು ಕೂರಲು ಒಯ್ದಿರಬೇಕು. ಬೋನೆಟ್ ಎತ್ತಿ ಡಬ್ಬಿಗೆ ಬ್ಯಾಟರಿ ಬಿಟ್ಟೆವು. ಎಣ್ಣೆ ಗೆರೆಗೆ ಸರಿಯಾಗಿ ನಿಂತಿತ್ತು.